ಹೆಬ್ಬೆಟ್ಟಿನ ಸರದಿ

ಗುಬ್ಬಿಯ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ಮಡಚುವ ಕಾಂತೇಶ ವಿಧಿವಿಜ್ಞಾನಿಯಾದದ್ದು ಬಸ್ ಸ್ಟ್ಯಾಂಡಿನ ಹಿಂದಿದ್ದ ಬ್ರೌಸಿಂಗ್ ಸೆಂಟರಿನಲ್ಲಿ. ಚಿಕ್ಕಮ್ಮನ ಮಗಳ ಪಿಯುಸಿ ರಿಸಲ್ಟ್ ನೋಡಿಕೊಂಡು ಬರಲು ಹೋಗಿದ್ದ. ಆಕೆ ಫೇಲಾಗಿದ್ದಳು. ಆದರೆ ಪರದೆಯ ಮೂಲೆಯಲ್ಲಿ ‘ವಿಧಿವಿಜ್ಞಾನ, ಆನ್‌ಲೈನ್ ಪ್ರಾಥಮಿಕ ತರಬೇತಿ, ಯಾರು ಬೇಕಾದರೂ ಸೇರಬಹುದು’ ಎಂದು ಮಿನುಗುತ್ತಿತ್ತು. ಯಾರು ಬೇಕಾದರೂ ಎಂದ ಮೇಲೆ ತಾನೂ ಆಗಬಹುದಲ್ಲ ಎಂದು ಕಾಂತೇಶ ಸೇರಿಬಿಟ್ಟ.

ಒಂದು ಚಿತ್ರ ಪರದೆಯ ಮೇಲಿಂದ ಕೆಳಕ್ಕೆ ಇಳಿಯುವಷ್ಟರಲ್ಲಿ ಎದುರಿನ ಹೋಟೆಲಿಗೆ ಹೋಗಿ ಕಾಫಿ ಕುಡಿದು ಬರಬಹುದಾಗಿದ್ದ ಕಾಲ ಅದು. ಮೊದಲ ಪಾಠ, ಘಟನಾ ಸ್ಥಳದ ರಕ್ಷಣೆ. ಎರಡನೆಯದು, ಬೆರಳಚ್ಚು ತೆಗೆಯುವ ಅಧಿಕಾರ ಯಾರಿಗಿದೆ ಎಂಬುದು. ಅದು ತೆರೆದುಕೊಳ್ಳುತ್ತಿದ್ದಾಗ ಕರೆಂಟ್ ಹೋಯಿತು. ಕರೆಂಟ್ ಬಂದ ಮೇಲೆ ಕಾಂತೇಶ ನೇರವಾಗಿ ಮೂರನೇ ಪಾಠಕ್ಕೆ ಹೋದ. ಅದು ಬೆರಳಚ್ಚು ತೆಗೆಯುವ ಬಗೆ.

ಮಾರನೆಯ ದಿನ ಮಂಗಳವಾರ, ಅಂಗಡಿಗೆ ರಜೆ. ಕಾಂತೇಶ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದಾಗ ಮನೆ ಓನರ್ ವನಜಮ್ಮ ಬಂದು ನಿಂತರು.

“ರುಬ್ಬೋ ಗುಂಡೆಲ್ಲಪ್ಪಾ?”

ಒರಳು ಇತ್ತು. ಅದರೊಳಗಿನ ಗುಂಡು ಇರಲಿಲ್ಲ. ಹಲ್ಲು ಬಿದ್ದ ಬಾಯಿಯ ಹಾಗೆ ಒರಳು ಆಕಾಶ ನೋಡುತ್ತಿತ್ತು.

“ನಮ್ಮತ್ತೆ ಕಾಲದ್ದು ಕಣಪ್ಪ ಅದು. ಹಿತ್ಲು ಬೀಗದ ಕೈ ನಿಮ್ಮತ್ರ ಒಂದೈತೆ, ನಮ್ಮತ್ರ ಒಂದೈತೆ. ನಾನಂತೂ ಕದ್ದಿಲ್ಲ,” ಎಂದರು ವನಜಮ್ಮ. “ಸಾಯಂಕಾಲದೊಳ್ಗೆ ಗುಂಡು ಬರ್ಬೇಕು. ಇಲ್ದಿದ್ರೆ ಮನೆ ಖಾಲಿ ಮಾಡ್ಕೊಂಡು ಹೋಗಿ.”

ಬೇರೆ ಯಾರಾದರೂ ಆಗಿದ್ದರೆ ಮೊದಲು ಮನೆಯೊಳಗೆ ಹೋಗಿ ಹುಡುಕುತ್ತಿದ್ದರು. ಇಲ್ಲವೇ ತಾಯಿಯನ್ನು ಕೇಳುತ್ತಿದ್ದರು. ಕಾಂತೇಶನ ತಾಯಿ ಪುಟ್ಟಗಂಗಮ್ಮ ಬೆಳಗ್ಗೆಯೇ ಚೇಳೂರಿನ ತಂಗಿಯ ಮನೆಗೆ ಹೋಗಿದ್ದಳು. ಕಾಂತೇಶನಿಗೆ ಅದಾವುದೂ ಹೊಳೆಯಲಿಲ್ಲ. ಅಂಗಡಿಯಿಂದ ತಂದಿದ್ದ ಪಾರ್ಸೆಲ್ ದಾರವನ್ನು ಒರಳಿನ ಸುತ್ತ ಕಟ್ಟಿ ವನಜಮ್ಮನವರನ್ನೇ ಆಚೆ ನಿಲ್ಲಿಸಿದ. ಹಿತ್ತಲ ಬಾಗಿಲಿಗೆ ಮುಖದ ಪೌಡರ್ ಉದುರಿಸಿ ಊದಿದ. ಅರ್ಧ ಪೌಡರ್ ಅವನ ಮೂಗಿಗೆ ಹೋಯಿತು. ಉಳಿದರ್ಧದಲ್ಲಿ ಒಂದು ಹೆಬ್ಬೆಟ್ಟು ಮೂಡಿತು.

ಇನ್ನು ಬೇಕಾದದ್ದು ಬೀದಿಯವರ ಹೆಬ್ಬೆಟ್ಟುಗಳು. ಬಾಗಿಲ ಮುಂದೆ ಮೇಜು ಹಾಕಿ, ಬಿಳಿ ಹಾಳೆ, ಸ್ಟಾಂಪ್ ಪ್ಯಾಡ್ ಇಟ್ಟುಕೊಂಡು ಕುಳಿತ.

ಮೊದಲು ಬಂದವರು ಪಕ್ಕದ ಮನೆಯ ಗುರುಸಿದ್ದಯ್ಯ, ರಿಟೈರಾದ ಬಸ್ ಕಂಡಕ್ಟರು.

“ಏನ್ ಕಾಂತೇಶ, ಏನಿದು?”

ಕಳವಿನ ವಿಷಯ ಹೇಳಿದರೆ ಕಳ್ಳ ಹುಷಾರಾಗುತ್ತಾನೆ. ಕಾಂತೇಶ ದನಿ ತಗ್ಗಿಸಿ, “ಆನ್‌ಲೈನ್ ಕೆಲ್ಸ ಸಾರ್. ಜಾಸ್ತಿ ಹೇಳೋ ಹಂಗಿಲ್ಲ,” ಎಂದ.

ಗುರುಸಿದ್ದಯ್ಯ ಮರುಮಾತಾಡದೆ ಹೆಬ್ಬೆರಳು ಚಾಚಿದರು. ಕಾಂತೇಶ ಅದನ್ನು ಉರುಳಿಸಿ ಒತ್ತಿಸಿಕೊಂಡ.

“ನಮ್ಮನೆಯವ್ಳದೂ ಹಾಕಿಸ್ಬೋದಾ?”

“ಎಲ್ರುದೂ ಬೇಕು ಸಾರ್.”

ಅಷ್ಟು ಸಾಕಾಯಿತು. ಕಾಂತೇಶ ಎರಡನೇ ಹಾಳೆ ತೆಗೆಯುವಷ್ಟರಲ್ಲಿ ಸರ್ಕಾರ ಆನ್‌ಲೈನಿನಲ್ಲಿ ಸೈಟ್ ಹಂಚುತ್ತಿದೆ ಎಂಬ ಸುದ್ದಿ ಪೇಟೆ ಬೀದಿ ದಾಟಿತ್ತು. ಜನ ಮದುವೆ ಊಟಕ್ಕೆ ಬಂದಂತೆ ಬಂದರು.

“ಸೈಟೂ ಇಲ್ಲ, ಏನೂ ಇಲ್ಲ ಕಣ್ರಪ್ಪ,” ಎಂದು ಕಾಂತೇಶ ಕೂಗಿದ.

“ಇಲ್ಲ ಅಂತವ್ನೆ ಅಂದ್ರೆ ಕಮ್ಮಿ ಅವೆ ಅಂತ ಅರ್ಥ,” ಎಂದು ಹಿಂದಿನವನೊಬ್ಬ ಮುಂದಿನವನಿಗೆ ಹೇಳಿ ಇನ್ನಷ್ಟು ಒತ್ತಿ ನಿಂತ.

ರಂಗಲಕ್ಷ್ಮಮ್ಮ ಎಂಬಾಕೆ ಹೆಬ್ಬೆಟ್ಟು ಒತ್ತಿ, “ನಂಗೆ ಮೂಡ್ಲು ಬಾಗ್ಲುದೇ ಕೊಡಪ್ಪ, ತೆಂಕ್ಲು ನಮ್ಗಾಗಲ್ಲ,” ಎಂದು ಹೇಳಿಹೋದಳು. ಗುರುಸಿದ್ದಯ್ಯ ಹಳೆಯ ಸೀಟಿ ಹುಡುಕಿ ತಂದು, “ಒಳಗಡೆ ನಡೀರಿ, ಒಳಗಡೆ ನಡೀರಿ,” ಎಂದು ಬಟ್ಟಬಯಲಲ್ಲಿ ಕೂಗುತ್ತಾ ಸಾಲು ಸರಿಮಾಡಿದರು. ಸಾಲು ಹಾಲಿನ ಡೈರಿ ದಾಟಿ ತಿರುಗಿತು. ಮನೆಗೆಲಸ ಇದ್ದವರು ತಮ್ಮ ಜಾಗಕ್ಕೆ ಚಪ್ಪಲಿ, ಸೀಮೆಎಣ್ಣೆ ಕ್ಯಾನು, ಕೊಡೆ ಇಟ್ಟುಹೋದರು. ಒಂದು ಮೇಕೆಯೂ ಸರದಿಯಲ್ಲಿತ್ತು. ಅದರ ಹಿಂದಿನವರು ಅದಕ್ಕೆ ಮರ್ಯಾದೆಯಿಂದ ಜಾಗ ಬಿಟ್ಟಿದ್ದರು.

ಮಧ್ಯಾಹ್ನ ಚೇಳೂರಿನ ಬಸ್ಸು ಬಂದು ಸಾಲಿನ ಬಾಲಕ್ಕೆ ಇನ್ನೊಂದು ಬಾಲ ಸೇರಿಸಿತು. ಕಾಂತೇಶನ ಬೆರಳು, ಅಂಗಿ, ಮೂಗು ಎಲ್ಲವೂ ನೇರಳೆ ಬಣ್ಣಕ್ಕೆ ತಿರುಗಿದ್ದವು.

ಆಗ ವನಜಮ್ಮ ಹೊರಗೆ ಬಂದರು. ಎರಡು ಸ್ವಂತ ಮನೆ ಇದ್ದರೂ ಮೂರನೆಯದು ಬೇಡ ಎನ್ನುವ ಸ್ವಭಾವ ಅವರದಲ್ಲ. ಸಾಲಿನ ಕೊನೆ ಹುಡುಕಿಕೊಂಡು ನಡೆಯುತ್ತಿದ್ದವರು ನಡುವೆ ನಿಂತುಬಿಟ್ಟರು. ಒಂದು ಕ್ಯಾನಿಗೂ ಒಂದು ಜೊತೆ ಚಪ್ಪಲಿಗೂ ಮಧ್ಯೆ, ಎದೆ ಸೆಟೆಸಿಕೊಂಡು ಅವರ ರುಬ್ಬುವ ಗುಂಡು ನಿಂತಿತ್ತು.

“ಇದ್ಯಾರ್ದು?”

“ಗುಂಡಿನವ್ರು ಊಟಕ್ಕೆ ಹೋಗವ್ರೆ. ಬತ್ತಾರೆ, ಇರಿ,” ಎಂದ ಹಿಂದೆ ನಿಂತಿದ್ದವನು.

ಕಾಂತೇಶ ಮೇಜು ಬಿಟ್ಟು ಓಡಿಬಂದ. ಅವನ ಎದೆ ಉಬ್ಬಿತು. ಗುಂಡಿನ ಸುತ್ತ ದಾರ ಕಟ್ಟಿ, “ಯಾರೂ ಮುಟ್ಬೇಡಿ. ಇದನ್ನ ಇಲ್ಲಿಟ್ಟವ್ರೇ ಕಳ್ರು. ಈಗ ಬತ್ತಾರೆ, ಹಿಡೀತೀನಿ,” ಎಂದ.

ಸಾಲೆಲ್ಲ ಕತ್ತು ಉದ್ದ ಮಾಡಿ ನೋಡಿತು. ಕಾಂತೇಶನ ಮನೆಯೊಳಗಿಂದ ಪುಟ್ಟಗಂಗಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದಳು.

“ಲೇ, ನನ್ ಜಾಗ್ದಾಗೆ ಯಾಕ್ಲಾ ನಿಂತಿದೀಯ?”

ಕಾಂತೇಶ ಕೈಲಿದ್ದ ದಾರದ ತುದಿಯನ್ನು ಬೆನ್ನ ಹಿಂದಕ್ಕೆ ಸರಿಸಿದ.

“ನೆನ್ನೆ ಹುಣ್ಸೆಹಣ್ಣು ಜಜ್ಜಕ್ಕೆ ತಂದಿದ್ದೆ ಕಣವ್ವ, ಮಂಚದ ಕೆಳಗೇ ಮರ್ತೋಯ್ತು,” ಎಂದಳು ಪುಟ್ಟಗಂಗಮ್ಮ, ವನಜಮ್ಮನವರ ಕಡೆ ತಿರುಗಿ. “ಬಸ್ನಾಗೆಲ್ಲ ಸೈಟು ಸೈಟು ಅಂತಿದ್ರು. ಬಂದು ನೋಡುದ್ರೆ ಸಾಲು ನಮ್ಮನೆ ಮುಂದ್ಲೇ. ಹಿತ್ಲಿಂದ ಒಳೀಕ್ ಹೋದೆ, ಕೈಗೆ ಇದೇ ಸಿಕ್ತು, ತಂದಿಟ್ಟೆ. ಸ್ವಂತ ಮನೆ ಆದ್ರೆ ಗುಂಡಿಗೆ ನಿಮ್ಮನೇಗ್ ಬರೋದು ತಪ್ತದಲ್ಲ.”

ವನಜಮ್ಮ ಗುಂಡನ್ನು ಮಗುವಿನಂತೆ ಸೊಂಟಕ್ಕೇರಿಸಿಕೊಂಡರು. “ಹಂಗೇ ಆಗ್ಲಿ. ನಾಳೆಯಿಂದ್ಲೇ ನಿಮ್ ಸ್ವಂತ ಮನೇಲಿರಿ,” ಎಂದು ಒಳಗೆ ಹೋದರು.

ಒಂದು ರುಬ್ಬುವ ಗುಂಡಿಗಾಗಿ ಊರಿನ ಹೆಬ್ಬೆಟ್ಟೆಲ್ಲ ಖಾಲಿ ಹಾಳೆಗೆ ಬಿದ್ದಿದೆ ಎಂದು ಸಾಲಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಪೊಲೀಸರು ಬರಲು ಅಷ್ಟು ಹೊತ್ತು ಹಿಡಿಯಲಿಲ್ಲ.

ಠಾಣೆಯ ಹೆಡ್ ಕಾನ್ಸ್‌ಟೇಬಲ್ ಅಡವಿಯಪ್ಪ ಒಳ್ಳೆಯ ಮನುಷ್ಯ. ಕಾಂತೇಶನ ನೇರಳೆ ಮೂಗು ನೋಡಿಯೇ ಅವರ ಸಿಟ್ಟು ಅರ್ಧ ಇಳಿದಿತ್ತು. ಕಥೆಯೆಲ್ಲ ಕೇಳಿ ನಕ್ಕರು.

“ಬುಡು, ತಿಳೀದೆ ಮಾಡಿದೀಯ. ಇನ್ನೊಂದ್ಸಲ ಮಾಡಲ್ಲ ಅಂತ ಬರ್ಕೊಟ್ಟು, ಬೆರಳು ಒತ್ತಿ ಮನೆಗೋಗು.”

ಕಾಂತೇಶನಿಗೆ ಹೋದ ಜೀವ ಬಂದಂತಾಯಿತು. ಬರೆದುಕೊಟ್ಟ. ಅಡವಿಯಪ್ಪ ಅವನ ಹೆಬ್ಬೆರಳು ಹಿಡಿದು ಶಾಯಿಗೆ ಅದ್ದಿ, ಅಂಚೆಯವರು ಮೊಹರು ಕುಟ್ಟುವಂತೆ ಹಾಳೆಗೆ ಕುಟ್ಟಿದರು. ಕಾಂತೇಶನಿಗೆ ನೋಡಲಾಗಲಿಲ್ಲ.

“ಹಂಗಲ್ಲ ಸಾರ್. ಕೈ ಸಡಿಲ ಬಿಡ್ಬೇಕು. ಉಗುರಿನ ಈ ಅಂಚಿಂದ ಆ ಅಂಚಿಗೆ ಒಂದೇ ಸಲ ಉರುಳಿಸ್ಬೇಕು,” ಎಂದು ತಾನೇ ಉರುಳಿಸಿ, ಕೇಳದೆಯೇ ಉಳಿದ ಒಂಬತ್ತು ಬೆರಳುಗಳನ್ನೂ ಸಾಲಾಗಿ ಒತ್ತಿದ. “ಈಗ ನೋಡಿ, ಒಂದ್ ಗೆರೇನೂ ಕಲಸಿಲ್ಲ.”

ಅಡವಿಯಪ್ಪ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಅವರ ಮುಖದ ನಗು ನಿಧಾನವಾಗಿ ಆರಿತು. ಎದ್ದು ಬಾಗಿಲು ಮುಂದೆ ಮಾಡಿ, ಒಳಕೋಣೆಯಲ್ಲಿದ್ದ ಸಬ್ ಇನ್‌ಸ್ಪೆಕ್ಟರ್ ಕಡೆ ತಿರುಗಿದರು.

“ಸಾರ್, ಇವ್ನು ತುಂಬಾ ಪಳಗಿರೋ ಗಿರಾಕಿ. ಕುಣಿಗಲ್ಲು, ತುಮಕೂರು ಎರಡಕ್ಕೂ ಫೋನ್ ಹಾಕಿ. ಎಲ್ಲೆಲ್ಲಿ ಒಳಗೋಗಿ ಬಂದವ್ನೆ ಅಂತ ಕೇಳೋಣ.”