ಕುರಿಮನೆಗೆ ಬಂದ ಜರ್ಮನ್ ತೋಳ

ಉಡುಗೊರೆ ಎಂದರೆ ನನಗೆ ಮೊದಲಿಂದಲೂ ಭಯ. ಕೊಟ್ಟವರು ಎಂದಾದರೊಂದು ದಿನ ಮನೆಗೆ ಬಂದು, ಕೂತಲ್ಲಿಂದಲೇ ಗೋಡೆಯ ಮೇಲೆಲ್ಲ ಕಣ್ಣಾಡಿಸುತ್ತಾರೆ. ಮದುವೆಗೆ ಬಂದ ಗಡಿಯಾರಗಳನ್ನು, ಬರುವ ನೆಂಟರಿಗೆ ತಕ್ಕಂತೆ ಬದಲಿಸಿ ತೂಗುಹಾಕಿ ಸುಸ್ತಾದವನು ನಾನು. ಈ ಸಲ ಬಂದದ್ದು ಗಡಿಯಾರವಲ್ಲ, ತೋಳ.

ಚನ್ನಪಟ್ಟಣದ ನಮ್ಮ ಮನೆಯ ಮಹಡಿಯಲ್ಲಿ ಉರ್ಸುಲಾ ಎಂಬ ಜರ್ಮನ್ ಹೆಂಗಸು ಬಾಡಿಗೆಗಿದ್ದಾರೆ. ಮರದ ಬೊಂಬೆಗೆ ಅರಗಿನ ಬಣ್ಣ ಹಾಕುವುದನ್ನು ಕಲಿಯಲು ಬಂದವರು. ಬೈರಾಪಟ್ಟಣದಲ್ಲಿ ಕುರಿ ಸಾಕಿಕೊಂಡಿರುವ ನನ್ನ ಮಾವ ಒಮ್ಮೆ ಅವರಿಗೆ ಮುದ್ದೆ ಊಟ ಹಾಕಿಸಿದ್ದರು. ಆ ಋಣಕ್ಕೆ, ಊರಿಗೆ ಹೋಗಿ ಬರುವಾಗ ಉರ್ಸುಲಾ ತಮ್ಮ ಹಳ್ಳಿಯ ಲಾಂಛನ ಕೆತ್ತಿದ ಮರದ ಹಲಗೆಯೊಂದನ್ನು ಮಾವನಿಗೆಂದು ತಂದರು. ನನಗೆ ಬಿಡಿಸಿಯೂ ಹೇಳಿದರು: ನೀಲಿ ಅಲೆ ಊರಿನ ಹೊಳೆ, ಹಳದಿ ತೆನೆ ಬೆಳೆ, ನಡುವೆ ನಾಲಿಗೆ ಚಾಚಿ ನಿಂತ ಕಪ್ಪು ತೋಳ ಊರವರ ಧೈರ್ಯ.

ಹಲಗೆಯನ್ನು ಒಯ್ದು ಕೊಟ್ಟು ಮಾವನಿಗೆ ಹಾಗೆಯೇ ಹೇಳಿದೆ. ಹೊಳೆಗೂ ತೆನೆಗೂ ತಲೆಯಾಡಿಸಿದವರು ತೋಳದ ಹತ್ತಿರ ನಿಂತುಬಿಟ್ಟರು. “ಕುರಿ ಸಾಕೋ ಮನೇಲಿ ತೋಳನ್ನ ತೂಗಾಕ್ತಾರಾ ಅಳೀಮಯ್ಯ? ಅದೂ ಮರಿ ಹಾಕೋ ಕಾಲ್ದಲ್ಲಿ!” ಹಲಗೆ ಕೊಟ್ಟಿಗೆಯ ಹಿಂಡಿ ಮೂಟೆಯ ಹಿಂದೆ ಸೇರಿತು. ಮುಂದಿನ ಭಾನುವಾರವೇ ಉರ್ಸುಲಾ ಅಲ್ಲಿಗೆ ಊಟಕ್ಕೆ ಬರುವವರಿದ್ದರು. ವಾರವಿಡೀ ನನಗೆ ಅನ್ನ ರುಚಿಸಲಿಲ್ಲ.

ಅಂದುಕೊಂಡಂತೆಯೇ ಆಯಿತು. ಮುದ್ದೆ ಮುರಿಯುತ್ತಲೇ ಉರ್ಸುಲಾ ಗೋಡೆಗಳನ್ನೆಲ್ಲ ನೋಡಿ, ನಮ್ಮ ತೋಳ ಎಲ್ಲಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಜೋಪಾನವಾಗಿ ಎತ್ತಿಟ್ಟಿದ್ದಾರೆ ಎಂದು ಬೆವರುತ್ತ ಹೇಳಿದೆ. ಮಾವನಿಗೆ ನನ್ನ ಇಂಗ್ಲಿಷಿನ ಮೇಲೆ ಅನುಮಾನ ಬಂತು. “ನೀವ್ ಒಸಿ ಸುಮ್ಕಿರಿ, ನಾನೇ ಯೋಳ್ತೀನಿ,” ಎಂದು ಆಕೆಯನ್ನು ಕೊಟ್ಟಿಗೆಗೆ ಕರೆದೊಯ್ದರು. ಹಲಗೆ ಹೊರತೆಗೆದು, ತೋಳವನ್ನು ತೋರಿಸಿ, ಕುರಿಮರಿಗಳನ್ನು ತೋರಿಸಿ, ಊ ಎಂದು ಊಳಿಟ್ಟು ತಮ್ಮ ತೋಳನ್ನೇ ಕಚ್ಚಿಕೊಂಡರು. ನಾನು ಕಣ್ಣು ಮುಚ್ಚಿಕೊಂಡೆ.

ಕಣ್ಣು ಬಿಟ್ಟಾಗ ಉರ್ಸುಲಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರ ತಾತನೂ ಕುರಿ ಸಾಕುತ್ತಿದ್ದರಂತೆ. ಊರವರು ಕೊಟ್ಟ ಈ ಹಲಗೆಯನ್ನು ಆತ ಸಾಯುವ ತನಕ ಗೋಡೆಗೇರಿಸಲಿಲ್ಲವಂತೆ. ಅಟ್ಟದಲ್ಲಿ ಬಿದ್ದಿದ್ದದ್ದನ್ನೇ ಆಕೆ ಇಲ್ಲಿಗೆ ಸಾಗಿಸಿದ್ದರು! ಮಾವನಿಗೆ ಇದನ್ನು ತಿಳಿಸಿದೆ. “ನಿಮ್ ತಾತ ಬುದ್ವಂತ ಕಣವ್ವ,” ಎಂದ ಮಾವ ನನ್ನ ಕಡೆ ತಿರುಗಿದರು. “ಇದನ್ನ ನೀವೇ ಮಡೀಕಳಿ ಅಳೀಮಯ್ಯ. ನಿಮ್ಮನೇಲಿ ಕುರಿ ಇಲ್ವಲ್ಲ.” ಅದನ್ನೂ ನಾನೇ ಅನುವಾದಿಸಬೇಕಾಯಿತು. ಉರ್ಸುಲಾ ಚಪ್ಪಾಳೆ ತಟ್ಟಿದರು.

ಈಗ ತೋಳ ನಮ್ಮ ನಡುಮನೆಯ ಗೋಡೆಯ ಮೇಲಿದೆ. ಬಂದವರೆಲ್ಲ, “ಇದ್ಯಾವ ಜಾತಿ ನಾಯಿ ಮೇಷ್ಟ್ರೇ?” ಎನ್ನುತ್ತಾರೆ. ತೋಳ ಎಂದರೆ ಹೆದರುವವರು ಅವರಲ್ಲ. ಮನೆಯಲ್ಲಿ ತೋಳ ಏಕೆ ಎಂಬ ಮುಂದಿನ ಪ್ರಶ್ನೆಗೆ ಹೆದರುವವನು ನಾನು. ಜರ್ಮನ್ ಶೆಫರ್ಡ್ ಎಂದುಬಿಡುತ್ತೇನೆ.