ನಾನು ಹೊಗಳಿದ ಸಾಂಬಾರು

ತತ್ವಶಾಸ್ತ್ರದಲ್ಲಿ ಆನರ್ಸ್ ಮಾಡಿದವನಿಗೆ ಹತ್ತು ದಿನ ಒಂದು ಹೋಟೆಲು ನಡೆಸುವುದು ಏನು ಮಹಾ ಕೆಲಸ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಇದಕ್ಕೆ ನನ್ನ ಡೈರಿಯೇ ಸಾಕ್ಷಿ. ನೆನಪನ್ನು ನಾನು ಅಷ್ಟಾಗಿ ನೆಚ್ಚುವುದಿಲ್ಲ; ಅದು ಯಾವಾಗಲೂ ನನ್ನ ಪಕ್ಷದಲ್ಲೇ ವಾದಿಸುತ್ತದೆ.

ಮದರಾಸಿನ ಟಿ. ನಗರದಲ್ಲಿ ನನ್ನ ಸೋದರಮಾವನ ಹೋಟೆಲು. ಮಗನ ಉಪನಯನಕ್ಕೆಂದು ಮಾವ ಉಡುಪಿಗೆ ಹೊರಟು ನಿಂತರು.

"ಮುಂದಿನ ತಿಂಗಳು ವೆಸ್ಟ್ ಮಾಂಬಲಂನಲ್ಲಿ ಇನ್ನೊಂದು ಹೋಟೆಲು ತೆರೀತೇನೆ. ನಾನು ಬರುವವರೆಗೆ ಇದನ್ನು ಸರಿಯಾಗಿ ನೋಡಿಕೊಂಡರೆ ಅದರ ಯಜಮಾನಿಕೆ ನಿನಗೆ. ಒಂದೇ ಮಾತು ನೆನಪಿಡು, ಭಟ್ರು ಹೋಗಬಾರದು."

ಭಟ್ರು ಎಂದರೆ ವಾಸು ಭಟ್ಟರು, ಹದಿನೆಂಟು ವರ್ಷದಿಂದ ಅಲ್ಲಿಯ ಮುಖ್ಯ ಅಡುಗೆಯವರು. ಟಿ. ನಗರದವರು ಬರುತ್ತಿದ್ದದ್ದು ಅವರ ಸಾಂಬಾರಿಗೆ, ನಮ್ಮ ಮುಖ ನೋಡಲಿಕ್ಕಲ್ಲ.

ಆ ವಾರವೇ ನಾನು ಒಂದು ಭಾಷಣ ಕೇಳಿದ್ದೆ. ವ್ಯಾಪಾರದಲ್ಲಿ ಮುಂದಾಳಾಗುವವನು ಮೊದಲು ತನ್ನನ್ನು ತಾನು ಅರಿಯಬೇಕು, ಯಜಮಾನನ ಮನೋಭಾವ ಬದಲಾದರೆ ಕೆಲಸಗಾರರೂ ಬದಲಾಗುತ್ತಾರೆ ಎಂದು ವಿಲಾಯಿತಿಯಲ್ಲಿ ಓದಿ ಬಂದ ಪ್ರೊಫೆಸರೊಬ್ಬರು ಒಂದೂವರೆ ಗಂಟೆ ಹೇಳಿದರು. ಡೈರಿಯಲ್ಲಿ "ಇಂದು ಕಣ್ಣು ತೆರೆಯಿತು" ಎಂದಿದೆ. ಜೊತೆಗೆ ಬಂದಿದ್ದ ನನ್ನ ಹೆಂಡತಿ ಶಾರದೆ, ನಾನು ನಡುವೆ ಗೊರಕೆ ಹೊಡೆದೆ ಎನ್ನುತ್ತಾಳೆ. ಎರಡೂ ನಿಜವಿರಬಹುದು.

ಆತ್ಮಪರೀಕ್ಷೆಯನ್ನು ಮನೆಯಿಂದಲೇ ಆರಂಭಿಸಿದೆ.

"ಶಾರದೆ, ಸಂಕೋಚವಿಲ್ಲದೆ ಹೇಳು. ನನ್ನಲ್ಲಿ ಏನೇನು ದೋಷಗಳಿವೆ?"

"ಅಕಾರಾದಿಯಾಗಿ ಬೇಕೋ, ಮದುವೆಯಾದಲ್ಲಿಂದ ಬೇಕೋ?"

"ಮುಖ್ಯವಾದ ಒಂದು ಸಾಕು."

"ಕೇಳೋದು. ಒಲೆ ಮೇಲೆ ಹಾಲಿಟ್ಟಾಗ ಬಂದು ಕೇಳೋದು."

ಹಾಲು ಉಕ್ಕಿತು. ಪರೀಕ್ಷೆ ಅಲ್ಲಿಗೆ ಮುಗಿಯಿತು. ದೊಡ್ಡ ದೋಷವೇನೂ ಸಿಗಲಿಲ್ಲವೆಂದು ಬರೆದುಕೊಂಡು ಹೋಟೆಲಿಗೆ ನಡೆದೆ.

ನಮ್ಮ ಹೋಟೆಲಿನಲ್ಲಿ ಒಂದು ಪದ್ಧತಿಯಿತ್ತು. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಭಟ್ಟರು ಒಂದು ಬಟ್ಟಲಲ್ಲಿ ಸಾಂಬಾರು ತಂದು ಗಲ್ಲಾದ ಮೇಲೆ ಇಡುವರು. ಮಾವ ಅದನ್ನು ಕುಡಿದು, ಏನೂ ಮಾತಾಡದೆ, ಬಾಗಿಲ ಕಡೆ ಗಲ್ಲ ಎತ್ತುವರು. ಬಾಗಿಲು ತೆರೆಯುವುದು. ಹದಿನೆಂಟು ವರ್ಷ ಒಂದು ಒಳ್ಳೆಯ ಮಾತಿಲ್ಲದೆ! ಇದು ಹಳೆಯ ಕಾಲದ ದರ್ಪ ಎಂದು ನಾನು ತೀರ್ಮಾನಿಸಿದೆ.

ಮೊದಲ ದಿನ ಕುಡಿದು, ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ: "ಭಟ್ರೇ, ಬಹಳ ಚೆನ್ನಾಗಿದೆ."

ಭಟ್ಟರ ಮುಖ ಬಿಳಿಚಿತು. ಭಾವುಕರಾದರು ಎಂದು ಡೈರಿಯಲ್ಲಿದೆ.

ಎರಡನೆಯ ದಿನ ಸಾಂಬಾರು ಸ್ವಲ್ಪ ಹುಳಿ. ಮುಂದಾಳು ಸಣ್ಣದಕ್ಕೆಲ್ಲ ಮುಖ ಸಿಂಡರಿಸಬಾರದು. "ಅದ್ಭುತ" ಎಂದೆ. ಮೂರನೆಯ ದಿನ ಬೆಲ್ಲ ಹೆಚ್ಚಾಗಿತ್ತು. "ನಿಮ್ಮ ಕೈಗೆ ಸಮ ಇಲ್ಲ" ಎಂದೆ. ನಾಲ್ಕನೆಯ ದಿನ ಇಂಗಿನ ವಾಸನೆ ಬೀದಿಯ ತಿರುವಿನಲ್ಲೇ ನನ್ನನ್ನು ಎದುರುಗೊಂಡಿತು. ಪಾಪ, ಇವರಿಗೆ ಇನ್ನೂ ಉತ್ತೇಜನ ಬೇಕು ಎನ್ನಿಸಿ ಬೆನ್ನು ತಟ್ಟಿದೆ. ಐದನೆಯ ದಿನ ಹುಳಿ, ಬೆಲ್ಲ, ಇಂಗು ಮೂರೂ ಇದ್ದವು. ಜೊತೆಗೆ ಒಂದು ಬಗೆಯ ಪಶ್ಚಾತ್ತಾಪವೂ ಇತ್ತು. ನಾನು ಎಲ್ಲರ ಮುಂದೆ ಕೈ ಮುಗಿದೆ.

ದಿನವೂ ಕಿಟಕಿ ಪಕ್ಕದ ಮೇಜಿಗೆ ಬರುತ್ತಿದ್ದ ನಿವೃತ್ತ ಹೆಡ್‌ಮಾಸ್ತರರೊಬ್ಬರು ನನ್ನನ್ನು ಕರೆದರು.

"ಎನ್ನ ಸಾರ್, ಸಮಯಲ್‌ಕಾರರೈ ಮಾತ್ತಿಟ್ಟೀಂಗಳಾ?" ಅಡುಗೆಯವರನ್ನು ಬದಲಾಯಿಸಿದಿರಾ ಎಂದು.

"ಇಲ್ಲ ಸಾರ್, ಮನೋಭಾವವನ್ನು ಬದಲಾಯಿಸಿದ್ದೇವೆ" ಎಂದು ನನ್ನ ತಮಿಳಿನಲ್ಲಿ ವಿವರಿಸಿದೆ.

ಅವರು ಬಟ್ಟಲನ್ನು ಆಚೆ ಸರಿಸಿದರು. "ಪಳೆಯದೇ ಪೋದುಂ ಸಾರ್." ಹಳೆಯದೇ ಸಾಕಂತೆ. ಆಮೇಲೆ ಎರಡು ದಿನ ಅವರು ಬರಲಿಲ್ಲ.

ಆ ಐದನೆಯ ದಿನವೇ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು ನೋಡಿ ಭಟ್ಟರು ಒಂದು ಪೋಸ್ಟ್ ಕಾರ್ಡು ಹಿಡಿದು ಬಂದರು. ಅಡುಗೆಮನೆಯವರ ಕಾಗದಗಳನ್ನೆಲ್ಲ ಮೊದಲಿನಿಂದಲೂ ಬರೆದುಕೊಡುತ್ತಿದ್ದವನು ನಾನೇ. ನನ್ನ ವಿದ್ಯೆಯಿಂದ ಹೋಟೆಲಿಗೆ ಆಗಿದ್ದ ಉಪಯೋಗ ಅಷ್ಟೇ.

"ಮೈಲಾಪುರದ ಹೋಟೆಲಿನಲ್ಲಿರುವ ನನ್ನ ತಮ್ಮನಿಗೆ ಬರೀಬೇಕಿತ್ತು" ಎಂದರು.

"ಇತ್ತ ಕ್ಷೇಮ ಅಂತ ಶುರು ಮಾಡಲೇ?"

"ಬೇಡ. ಈ ಸಲ ಅದು ಬಿಡಿ." ಭಟ್ಟರು ಗಂಟಲು ಸರಿಮಾಡಿಕೊಂಡರು. "ಇಲ್ಲಿ ನನ್ನ ಕೆಲಸ ಹೋಗುವ ಹಾಗೆ ಉಂಟು. ನಿಮ್ಮಲ್ಲಿ ಜಾಗ ಇದ್ದರೆ ಕೂಡಲೆ ತಿಳಿಸು."

ಪೆನ್ನು ನಿಂತಿತು. "ಭಟ್ರೇ, ಯಾರು ಹೇಳಿದ್ದು ನಿಮಗೆ?"

"ನೀವು ಬರೀರಿ ಮಾರಾಯ್ರೆ. ಬರೆಯುವಾಗ ನೀವು ಧಣಿಗಳಲ್ಲ, ಬರೆಯುವವರು. ಧಣಿಗಳ ಹತ್ತಿರ ಇದೆಲ್ಲ ಹೇಳಲಿಕ್ಕೆ ಆಗ್ತದಾ?"

ಬರೆದೆ.

"ದೊಡ್ಡ ಧಣಿ ಹದಿನೆಂಟು ವರ್ಷದಲ್ಲಿ ಎರಡೇ ಸಲ 'ಚೆನ್ನಾಗಿದೆ' ಅಂದದ್ದು. ಒಂದು ಚಟ್ನಿಯ ಸೀತಾರಾಮನಿಗೆ, ಒಂದು ದೋಸೆಯ ನಾರಾಯಣನಿಗೆ. ಇಬ್ಬರೂ ಮರುದಿನ ಊರಿನ ದಾರಿ ಹಿಡಿದರು. ನನಗೆ ಈ ಸಣ್ಣ ಧಣಿ ಐದು ದಿನದಿಂದ ದಿನಾ ಹೇಳ್ತಾ ಇದ್ದಾರೆ. ನಿನ್ನೆ ಬೆನ್ನು ತಟ್ಟಿದರು. ಇವತ್ತು ಕೈ ಮುಗಿದರು. ಏನು ತಪ್ಪಾಯ್ತು ಅಂತ ಹುಳಿ ಹಾಕಿ ನೋಡಿದೆ, ಬೆಲ್ಲ ಹಾಕಿ ನೋಡಿದೆ. ಗೊತ್ತಾಗುದಿಲ್ಲ. ಬರೆದಿರಾ?"

"ಬರೆದೆ."

"ಹುಡುಗ ಒಳ್ಳೆಯವ. ಆದರೆ ಬಾಯಲ್ಲಿ ನಾಲಿಗೆ ಇಲ್ಲ. ಅದನ್ನೂ ಬರೀರಿ."

ಪ್ರೊಫೆಸರು ಒಂದೂವರೆ ಗಂಟೆಯಲ್ಲಿ ಕಲಿಸಲಾರದ ಆತ್ಮಜ್ಞಾನವನ್ನು ನಾನು ಅರ್ಧ ಕಾರ್ಡಿನಲ್ಲಿ, ನನ್ನದೇ ದುಂಡಕ್ಷರದಲ್ಲಿ ಪಡೆದೆ.

ಮರುದಿನ ಬಟ್ಟಲು ಬಂತು. ಒಂದು ಗುಟುಕು ಕುಡಿದು ಕೆಳಗಿಟ್ಟೆ. "ಏನಿದು ಭಟ್ರೇ? ಬಾಯಲ್ಲಿ ಇಡುವ ಹಾಗಿಲ್ಲ."

ಭಟ್ಟರ ಮುಖ ಅರಳಿತು. "ಹಾಗೆ ಹೇಳಿ ಮಾರಾಯ್ರೆ! ಐದು ದಿನದಿಂದ ನಾನು ಇದ್ದೇನೋ ಇಲ್ಲವೋ ಗೊತ್ತಿರಲಿಲ್ಲ." ಇಡೀ ಕೊಪ್ಪರಿಗೆ ಚೆಲ್ಲಿ ಹೊಸದಾಗಿ ಮಾಡಿದರು. ಬಾಗಿಲು ಒಂದು ಗಂಟೆ ತಡವಾಗಿ ತೆರೆಯಿತು. ಎರಡನೆಯ ಬಟ್ಟಲನ್ನು ಕುಡಿದು, ಮಾವನ ಹಾಗೆ ಬಾಗಿಲ ಕಡೆ ಗಲ್ಲ ಎತ್ತಿದೆ. ಅಷ್ಟು ರುಚಿಯಾದ ಸಾಂಬಾರನ್ನು ಕುಡಿದು ಸುಮ್ಮನಿರುವುದು ಎಷ್ಟು ಕಷ್ಟವೆಂದು ಆವತ್ತು ತಿಳಿಯಿತು. ಮಾವನ ಮೇಲೆ ಗೌರವ ಹುಟ್ಟಿತು.

ಆ ಕಾರ್ಡನ್ನು ಅಂಚೆಗೆ ಹಾಕಿದೆನೆಂದು ಡೈರಿ ಹೇಳುತ್ತದೆ. ಅಂಗಿಯ ಜೇಬಿನಲ್ಲೇ ಒಗೆಯಲು ಬಂತೆಂದು ಶಾರದೆ ಹೇಳುತ್ತಾಳೆ. ಮೈಲಾಪುರದಿಂದ ಉತ್ತರವಂತೂ ಬರಲಿಲ್ಲ.

ಮಾವ ಹಿಂದಿರುಗಿದಾಗ ನಡೆದದ್ದನ್ನೆಲ್ಲ ಒಪ್ಪಿಸಿದೆ. ಕೊನೆಗೆ, ತನ್ನನ್ನು ಅರಿತ ಮನುಷ್ಯನಿಗೆ ಒಪ್ಪುವ ಗಾಂಭೀರ್ಯದಿಂದ, "ಮಾಂಬಲಂ ಹೋಟೆಲನ್ನು ಭಟ್ರಿಗೇ ಒಪ್ಪಿಸಿ ಮಾವ. ನಾನು ಅದಕ್ಕೆ ಯೋಗ್ಯನಲ್ಲ" ಎಂದೆ. ಹೀಗೆ ಹೇಳಿದರೆ ಹಿರಿಯರು ಒಂದೆರಡು ಸಲವಾದರೂ ಬೇಡ ಬೇಡ ಎನ್ನುವುದು ರೂಢಿ. ನಾನು ಅದಕ್ಕೆ ಜಾಗ ಬಿಟ್ಟು ಸ್ವಲ್ಪ ತಲೆ ತಗ್ಗಿಸಿದೆ.

"ಊರಿನಿಂದ ಬರುವಾಗಲೇ ನಾನೂ ಅದನ್ನೇ ನಿಶ್ಚಯ ಮಾಡಿ ಬಂದಿದ್ದೆ. ನಿನಗೆ ಹೇಗೆ ಹೇಳುವುದು ಅಂತ ಯೋಚನೆಯಾಗಿತ್ತು" ಎಂದರು ಮಾವ.

ಈಗ ಮಾಂಬಲಂನಲ್ಲಿ ಭಟ್ಟರೇ ಯಜಮಾನರು. ನಾನು ಅವರ ಕೈಕೆಳಗೆ ಗಲ್ಲಾದಲ್ಲಿ ಕೂರುತ್ತೇನೆ. ಸುಖವಾಗಿದ್ದೇನೆ, ಬೆಳಗಿನ ಇಡ್ಲಿ ಬಿಸಿಯಾಗಿಯೇ ಸಿಗುತ್ತದೆ. ಕೆಲಸಗಾರರ ಎದುರು ಉತ್ತೇಜನದ ಮಾತಾಡಬಾರದು ಎನ್ನುವುದೊಂದೇ ಷರತ್ತು. ನನ್ನ ಮನೋಭಾವವನ್ನು ಅದುಮಿಟ್ಟ ಮೇಲೆ ವ್ಯಾಪಾರ ಚೆನ್ನಾಗಿ ನಡೆಯುತ್ತಿದೆ.