ನಮ್ಮ ಹಿತ್ತಲಿನ ವೀರಗಲ್ಲು

ಮ್ಯೂಸಿಯಂಗೆ ಹೋಗಿ, ಕೈಕಟ್ಟಿಕೊಂಡು ನೋಡಿ, ಸುಮ್ಮನೆ ಮನೆಗೆ ಬರುವವರು ಪುಣ್ಯವಂತರು. ನನಗೆ ಆ ಪುಣ್ಯವಿಲ್ಲ. ಅಲ್ಲಿ ಏನೇ ಇಟ್ಟಿರಲಿ, 'ಇದು ನಮ್ಮನೇಲೂ ಇದೆ' ಅನ್ನದಿದ್ದರೆ ಟಿಕೆಟ್ಟು ದಂಡವಾಯಿತು ಅನ್ನಿಸುತ್ತದೆ. ಹಳೇ ಮಡಕೆ ಕಂಡರೆ ನಮ್ಮಜ್ಜಿಯ ಮೊಸರಿನ ಗಡಿಗೆ, ತುಕ್ಕು ಹಿಡಿದ ಕತ್ತಿ ಕಂಡರೆ ನಮ್ಮ ಅಡುಗೆಮನೆಯ ಈಳಿಗೆಮಣೆ. ಬದುಕಿನುದ್ದಕ್ಕೂ ಮೇಷ್ಟ್ರಾಗಿ ಇತಿಹಾಸ ಹೇಳಿದ ಬಾಯಿ ಇದು, ನಿವೃತ್ತಿ ನನಗಾಯಿತೇ ಹೊರತು ಅದಕ್ಕಾಗಲಿಲ್ಲ.

ಹೋದ ತಿಂಗಳು ಹೆಂಡತಿ ಜಯಮ್ಮನ ಜೊತೆ ಮೈಸೂರಿನ ಒಂದು ಮ್ಯೂಸಿಯಂಗೆ ಹೋಗಿದ್ದೆ. ಅಲ್ಲಿನ ಅಧಿಕಾರಿಯೊಬ್ಬರು ವೀರಗಲ್ಲಿನ ಮುಂದೆ ನಿಂತು, ಕೆಳಗೆ ಯುದ್ಧ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ ಎಂದು ವಿವರಿಸುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ರಾವಂದೂರಿನ ನಮ್ಮ ಹಿತ್ತಲಲ್ಲೂ ಇಂಥದೊಂದು ಬೋರಲು ಬಿದ್ದಿದೆ, ನಮ್ಮವಳು ಅದರ ಬೆನ್ನ ಮೇಲೇ ಬಟ್ಟೆ ಒಗೆಯುತ್ತಾಳೆ ಎಂದುಬಿಟ್ಟೆ. ಅವರು ನಗಲಿಲ್ಲ. ವಿಳಾಸ ಬರೆದುಕೊಂಡು, ಗುರುವಾರ ಬಂದು ನೋಡಿ ಮ್ಯೂಸಿಯಂಗೆ ಸಾಗಿಸುತ್ತೇವೆ ಅಂದರು.

ವಾಪಸ್ ಬರುವಾಗ ಬಸ್ಸು ಹುಣಸೂರು ಮುಟ್ಟಿತು. ಜಯಮ್ಮ ಮೆಲ್ಲಗೆ ಹೇಳಿದಳು: "ಈ ಮನೆಗೆ ಕಾಲಿಟ್ಟಾಗಿಂದ ಒಗೀತಿರೋ ಕಲ್ಲು. ಅದ ಕೊಟ್ಟು ನಾನೇನು ನಿಮ್ಮ ಬೆನ್ನ ಮ್ಯಾಲೆ ಒಗೀಲಾ?"

ಉಪಾಯವೂ ಅವಳಲ್ಲೇ ಇತ್ತು. ನಮ್ಮ ಕಡೆ ಅರಿಶಿನ ಕುಂಕುಮ ಬೀಳುವ ತನಕ ಮಾತ್ರ ಕಲ್ಲು ಕಲ್ಲು. ಬಿದ್ದ ಮೇಲೆ ಅದು ದೇವರು, ಬೇಕಾದರೆ ರಸ್ತೆಯೇ ಅದನ್ನು ಸುತ್ತಿ ಬಳಸಿ ಹೋಗುತ್ತದೆ. ಬುಧವಾರ ಪಕ್ಕದ ಮನೆಯವರನ್ನು ಕರೆಸಿ ಕಲ್ಲನ್ನು ಎತ್ತಿ ನಿಲ್ಲಿಸಿದಳು. ಇಷ್ಟು ವರ್ಷ ಮಣ್ಣಿಗೆ ಮುಖವಿಟ್ಟು ಏಟು ತಿಂದಿದ್ದ ವೀರ, ಕುದುರೆಯ ಸಮೇತ ಬೆಳಕಿಗೆ ಬಂದ. ಅವನಿಗೆ ನೀರೆರೆದು, ಕುಂಕುಮವಿಟ್ಟು, ಸೇವಂತಿಗೆ ಮುಡಿಸಿ, ದೀಪ ಹಚ್ಚಿದಳು. ಸಂಜೆಯ ಹೊತ್ತಿಗೆ ಬೀದಿಯ ಹೆಂಗಸರೆಲ್ಲ ಹಣ್ಣುಕಾಯಿ ಹಿಡಿದು ಬಂದರು.

ಗುರುವಾರ ಬಂದ ಅಧಿಕಾರಿ ಹಿತ್ತಲ ಬಾಗಿಲಲ್ಲೇ ಶೂ ಬಿಚ್ಚಿದರು. ಪೂಜೆ ನಡೆಯುವ ಕಲ್ಲನ್ನು ನಾವು ಎತ್ತುವುದಿಲ್ಲ, ಚೆನ್ನಾಗಿ ನೋಡಿಕೊಳ್ಳಿ ತಾಯಿ ಎಂದು, ಫೋಟೋ ತೆಗೆದು, ಪ್ರಸಾದದ ಸಜ್ಜಿಗೆ ಎರಡು ಸಲ ಹಾಕಿಸಿಕೊಂಡು ಹೊರಟರು. ಜಯಮ್ಮ ಗೆದ್ದಿದ್ದಳು. ನನಗೂ ಹೋದ ಜೀವ ಬಂದಂತಾಯಿತು.

ಶುಕ್ರವಾರ ಬೆಳಿಗ್ಗೆ ಬಟ್ಟೆಯ ಬಕೆಟ್ಟು ಹಿಡಿದು ಹಿತ್ತಲಿಗೆ ಹೋದವಳು ಕಲ್ಲಿನೆದುರು ನಿಂತೇಬಿಟ್ಟಳು. ಬೀಳಿಸಿ ಒಗೆಯೋಣವೆಂದರೆ ದೇವರು. ಮಾಡಿದವಳೂ ತಾನೇ. ಎದುರುಮನೆಯ ಅಜ್ಜಿ ಆಗಲೇ ಎರಡನೇ ಸುತ್ತು ಬರುತ್ತಿದ್ದಳು. ಜಯಮ್ಮ ಕಲ್ಲನ್ನು ನೋಡಿದಳು, ನನ್ನನ್ನು ನೋಡಿದಳು.

"ಬಾಯಿ ಬುಟ್ಟೋರು ಯಾರು?" ಎಂದು ಕೇಳಿ, ಬಕೆಟ್ಟನ್ನು ನನ್ನ ಕಾಲ ಬಳಿ ಇಟ್ಟು ಒಳಗೆ ಹೋದಳು.

ಈಗ ದಿನಾ ಬೆಳಿಗ್ಗೆ ವೀರನ ಎದುರಿಗೇ, ಒಂದು ಸಿಮೆಂಟು ಚಪ್ಪಡಿಯ ಮೇಲೆ ನನ್ನ ಒಗೆತ. ಪೂಜೆಗೆ ಬರುವ ಹೆಂಗಸರಲ್ಲಿ ಅರ್ಧ ಜನ ನನ್ನ ಹಳೇ ವಿದ್ಯಾರ್ಥಿನಿಯರು. ವೀರನಿಗೆ ಭಕ್ತಿಯಿಂದ ಮೂರು ಸುತ್ತು ಬಂದು, ಕೈಮುಗಿದು, ಹೋಗುವಾಗ ನನ್ನ ಕಡೆ ತಿರುಗಿ, "ಮೇಷ್ಟ್ರೇ, ಕಾಲರ್ ಇನ್ನೊಸಿ ಉಜ್ಜಿ" ಅನ್ನುತ್ತಾರೆ.